ಗಡಿಯಾಚೆ ಹೊಲ ಕೊಳ್ಳುವ ಮುನ್ನ

ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಗೆ ನಡೆದುಕೊಂಡು ಹೋಗಿ ಬಂದ ನನ್ನ ತಮ್ಮ, ಪ್ರಸಾದದ ಜೊತೆಗೆ ಒಂದು ಸುದ್ದಿಯನ್ನೂ ತಂದ. "ಅಣ್ಣಾ, ಜತ್ತ ತಾಲೂಕಿನಾಗ ಹೊಲ ಅಗ್ಗ ಸಿಗತಾವಂತ. ಊರಾಗ ಎಲ್ಲಾರೂ ಕನ್ನಡಾನ ಮಾತಾಡ್ತಾರ. ಪರಿಹಾರದ ರೊಕ್ಕ ಬಂದ ಕೂಡ್ಲೆ ಅಲ್ಲೇ ಹೋಗಿಬಿಡೋಣು ಅಂತ ಮಾಡೀನಿ." ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟು ಒಂದೇ ಮಾತು ಕೇಳಿದಳು: "ಅಲ್ಲಿ ಬ್ಯಾಸಗ್ಯಾಗ ನೀರು ಎಲ್ಲಿಂದ ತರ್ತಾರಪಾ?"

ತಮ್ಮನ ಬಳಿ ಉತ್ತರವಿರಲಿಲ್ಲ. ಇಂಥ ಮಾತುಕತೆ ನಮ್ಮ ಮನೆಯೊಂದರದೇ ಅಲ್ಲ. ಬೀಳಗಿ ತಾಲೂಕಿನಲ್ಲಿ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ. ಎರಡೂ ದಂಡೆಗಳ ಹಳ್ಳಿಗಳಲ್ಲಿ ಈಗ ಇದೇ ಚರ್ಚೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯಲ್ಲಿ ಇಂದು 519.6 ಮೀಟರಿನವರೆಗೆ ನೀರು ನಿಲ್ಲುತ್ತಿದೆ. 2010ರಲ್ಲಿ ಕೃಷ್ಣಾ ಎರಡನೆಯ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ವ್ಯತ್ಯಾಸ ಸುಮಾರು ಹದಿನೈದು ಅಡಿ. ನಕಾಶೆಯ ಮೇಲೆ ಸಣ್ಣ ಗೆರೆ, ನೆಲದ ಮೇಲೆ ಸಾವಿರಾರು ಎಕರೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ನಿರ್ಧರಿಸಿದ ಮೇಲಂತೂ ಚಹದಂಗಡಿಯ ಮಾತೆಲ್ಲ ಇದರದ್ದೇ.

ಹಿಂದಿನ ಮುಳುಗಡೆಯನ್ನು ಕಣ್ಣಾರೆ ಕಂಡವನು ನಾನು. ಪರಿಹಾರದ ಹಣದಲ್ಲಿ ಮೊದಲು ಮೋಟಾರ್ ಸೈಕಲ್ ಬಂತು, ಆಮೇಲೆ ಮದುವೆಗಳಾದವು, ಉಳಿದದ್ದರಲ್ಲಿ ಅವಸರದಿಂದ ಹೊಲ ಕೊಂಡರು. ಕೊಂಡ ಹೊಲ ಸವಳೆಂದು ಕೆಲವರಿಗೆ ಗೊತ್ತಾದದ್ದು ಎರಡನೆಯ ಬೆಳೆಗೆ. ಆದ್ದರಿಂದ ತಮ್ಮನಿಗೆ ಹೇಳಿದೆ: "ರೊಕ್ಕ ಬರೂದರಾಗ ನಾವು ಊರು ನೋಡಿ ಬರೋಣು. ರೊಕ್ಕ ಬಂದ ಮ್ಯಾಲೆ ನೋಡಾಕ ವ್ಯಾಳ್ಯಾ ಸಿಗೂದಿಲ್ಲ."

ಪರರಾಜ್ಯ ಎಷ್ಟು ಪರ?

ಬೇರೆ ರಾಜ್ಯ ಎಂದ ಕೂಡಲೇ ದೂರದ ದೇಶ ಎಂಬಂತೆ ಭಾವಿಸಬೇಕಿಲ್ಲ. ಜಮಖಂಡಿ, ಮುಧೋಳ, ಜತ್ತ ಮೂರೂ ಒಂದು ಕಾಲದ ಸಂಸ್ಥಾನಗಳು. 1948ರಲ್ಲಿ ಮೂರೂ ಮುಂಬಯಿ ಪ್ರಾಂತದಲ್ಲಿ ಸೇರಿದವು. ಅಂದಿನ ವಿಜಾಪುರ ಜಿಲ್ಲೆಯಲ್ಲಿದ್ದ ಬೀಳಗಿಯೂ ಅದೇ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ಗಡಿ ಗೆರೆ ನಡುವೆ ಬಂತು. 1967ರ ಮಹಾಜನ ಆಯೋಗ ಜತ್ತ ತಾಲೂಕಿನ ಹಲವು ಗ್ರಾಮಗಳನ್ನು ನಮ್ಮ ಕಡೆಗೆ ಸೇರಿಸಬೇಕೆಂದು ಹೇಳಿತಾದರೂ ಅದು ಜಾರಿಗೆ ಬರಲಿಲ್ಲ. ಮಾಡಗ್ಯಾಳ, ಉಮದಿ ಕಡೆ ಬಸ್ಸಿಳಿದರೆ ನಮ್ಮದೇ ಮಾತು, ನಮ್ಮದೇ ರೊಟ್ಟಿ.

ಒಂದು ರಾಜ್ಯದ ರೈತ ಇನ್ನೊಂದು ರಾಜ್ಯದ ಹಳ್ಳಿಗೆ ಹೋಗಿ ನೆಲೆಸುವುದೂ ಹೊಸದಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಕರಾವಳಿ ಆಂಧ್ರದ ರೈತರು ಗಂಗಾವತಿ, ಸಿಂಧನೂರು, ಸಿರಗುಪ್ಪ ಕಡೆ ಬಂದರು. ಅಲ್ಲಿ ಸ್ವಲ್ಪ ಮಾರಿ ಇಲ್ಲಿ ಹೆಚ್ಚು ಕೊಂಡರು. ಅವರ ವಸತಿಗಳಿಗೆ ಇಂದಿಗೂ 'ಕ್ಯಾಂಪು' ಎಂದೇ ಹೆಸರು. ಅವರ ನಡೆಯಲ್ಲಿ ಎರಡು ಅಂಶ ಗಮನಿಸಿ. ಒಂದು, ಅವರು ಕಾಲುವೆ ಬರುವ ಕಡೆಗೆ ಹೋದರು. ಎರಡು, ಒಬ್ಬಂಟಿಯಾಗಿ ಬರಲಿಲ್ಲ. ಬಂಧುಬಳಗ ಕೂಡಿ ಬಂದರು. ನಮ್ಮ ತಮ್ಮ ಯೋಚಿಸಿದ್ದು ಅಗ್ಗದ ಬೆಲೆಯನ್ನು ಮಾತ್ರ.

ನೀರಿನ ಲೆಕ್ಕ

ಏಪ್ರಿಲ್ ರಜೆಯಲ್ಲಿ ಅಣ್ಣ ತಮ್ಮ ಇಬ್ಬರೂ ಹೊರಟೆವು. ಹೊಲ ನೋಡಲು ಬೇಸಿಗೆಯೇ ಸರಿಯಾದ ಕಾಲ. ಶ್ರಾವಣದಲ್ಲಿ ಎಲ್ಲ ಹೊಲವೂ ಹಸಿರು, ಎಲ್ಲ ಬಾವಿಯೂ ತುಂಬಿದ್ದು. ಆ ಸೀಮೆಯ ತಳದಲ್ಲಿರುವುದು ಕಪ್ಪು ಬಸಾಲ್ಟ್ ಬಂಡೆ. ಈ ಬಂಡೆ ನೀರನ್ನು ಸ್ಪಂಜಿನಂತೆ ಹಿಡಿದಿಡುವುದಿಲ್ಲ. ಬಿರುಕುಗಳಲ್ಲಿ, ಮೇಲಿನ ಸವೆದ ಪದರಿನಲ್ಲಿ ಮಾತ್ರ ನೀರು ನಿಲ್ಲುತ್ತದೆ. ಬಿರುಕು ಬರಿದಾದರೆ ಬೋರ್‌ವೆಲ್ ಬರಿದು. ಪಕ್ಕದ ಹೊಲದಲ್ಲಿ ನೀರು ಬಿತ್ತೆಂದು ಈ ಹೊಲದಲ್ಲೂ ಬೀಳುತ್ತದೆಂಬ ಖಾತ್ರಿಯಿಲ್ಲ.

ಗಡಿಯ ಒಂದು ಹಳ್ಳಿಯಲ್ಲಿ ಹೊಲದ ಯಜಮಾನರು ಪಂಪು ಚಾಲೂ ಮಾಡಿದರು. ನಾವು 200 ಲೀಟರಿನ ಬ್ಯಾರಲ್ ಇಟ್ಟು ಗಡಿಯಾರ ಹಿಡಿದೆವು. ನಾಲ್ಕು ನಿಮಿಷಕ್ಕೆ ತುಂಬಿತು. ತಮ್ಮನ ಮುಖ ಅರಳಿತು. ಅಲ್ಲೇ ಬದುವಿನ ಮೇಲೆ ಕುಳಿತು ಲೆಕ್ಕ ಹಾಕಿದೆವು. ನೀವೂ ಹಾಕಿ ನೋಡಿ.

ನಾಲ್ಕು ನಿಮಿಷಕ್ಕೆ 200 ಲೀಟರ್ ಎಂದರೆ ತಾಸಿಗೆ 3,000 ಲೀಟರ್. ದಿನಕ್ಕೆ ಆರು ತಾಸು ಕರೆಂಟ್ ಸಿಕ್ಕಿತೆನ್ನಿ, 18,000 ಲೀಟರ್. ಒಂದು ಎಕರೆಗೆ ಒಂದೇ ಒಂದು ಅಂಗುಲ ನೀರು ನಿಲ್ಲಿಸಲು ಬೇಕಾಗುವುದು ಒಂದು ಲಕ್ಷ ಲೀಟರಿಗೂ ಮೇಲೆ. ಅಂದರೆ ಸುಮಾರು ಆರು ದಿನ ಪಂಪು ಓಡಬೇಕು. ವರ್ಷವಿಡೀ ಒಂದು ದಿನವೂ ಬಿಡದೆ ಓಡಿಸಿದರೂ ಬರುವ ನೀರು ಸುಮಾರು 65 ಲಕ್ಷ ಲೀಟರ್. ಒಂದು ಎಕರೆ ಕಬ್ಬಿಗೆ ಮಳೆ ಬಿಟ್ಟು ಬೇಕಾಗುವ ನೀರು ಹೆಚ್ಚುಕಡಿಮೆ ಅಷ್ಟೇ! ಎಂಟು ಎಕರೆ ಕೊಂಡು ಏಳು ಎಕರೆಗೆ ಆಕಾಶ ನೋಡಬೇಕು. ಹನಿ ನೀರಾವರಿಯಲ್ಲಿ ದಾಳಿಂಬೆ, ಹಿಂಗಾರಿಗೆ ಜೋಳ ಎಂದು ಮನಸ್ಸು ಮಾಡಿದರೆ ಲೆಕ್ಕ ಬೇರೆ. ಆದರೆ ಕಬ್ಬು ಬೆಳೆದು ರೂಢಿಯಾದ ಕೈಗೆ ಅದು ಹೊಸ ವಿದ್ಯೆ.

ಲೆಕ್ಕ ಮುಗಿಯುವುದರೊಳಗೆ ಪಂಪಿನ ಪೈಪು ಗಾಳಿ ಉಗುಳತೊಡಗಿತು. ಯಜಮಾನರು ಪ್ರಾಮಾಣಿಕರು. "ಮಾಸ್ತರ, ಶ್ರಾವಣದಾಗ ಬಂದಿದ್ರ ಎರಡು ನಿಮಿಷಕ್ಕ ತುಂಬತಿತ್ತು. ಈಗ ಇಷ್ಟ ನೋಡ್ರಿ" ಎಂದರು. ಚಹ ಕುಡಿಯುವಾಗ ಅವರೇ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನೀವು ನೀರು ಹೆಚ್ಚಾಗಿ ಊರು ಬಿಡಾಕ ಹತ್ತೀರಿ, ನಾವು ನೀರಿಲ್ಲದ ಬಿಡಾಕ ಹತ್ತೀವಿ." 2022ರ ಕೊನೆಯಲ್ಲಿ ಈ ತಾಲೂಕಿನ ಗಡಿಗ್ರಾಮಗಳು ನೀರಿಗಾಗಿ ಕರ್ನಾಟಕಕ್ಕೆ ಸೇರುತ್ತೇವೆಂದು ಕೂಗೆಬ್ಬಿಸಿದ್ದು ನೆನಪಿರಬಹುದು. ಮ್ಹೈಸಾಳ ಏತ ನೀರಾವರಿಯ ನೀರು ಆ ಕಡೆಯಿಂದ ಬರಬೇಕು. ಈ ಕಡೆ ವಿಜಯಪುರ ಜಿಲ್ಲೆಯಲ್ಲಿ ನಮ್ಮ ತುಬಚಿ-ಬಬಲೇಶ್ವರ ಯೋಜನೆ. ಎರಡಕ್ಕೂ ಮೂಲ ಕೃಷ್ಣೆಯೇ. ಆದ್ದರಿಂದ ಕೊಳ್ಳುವ ಹೊಲಕ್ಕೆ ಕಾಲುವೆಯ ನೀರು ಈಗಲೇ ಬರುತ್ತಿದೆಯೋ, ಬರಲಿದೆ ಎಂಬ ಮಾತಷ್ಟೆಯೋ ಎಂಬುದನ್ನು ಕಾಲುವೆಯ ಮೇಲೆ ನಡೆದು ಹೋಗಿಯೇ ತಿಳಿಯಬೇಕು.

ಮಣ್ಣು ಮತ್ತು ಕಾಗದ

ಹೊಲದ ಎಂಟು ಹತ್ತು ಕಡೆ ಒಂದು ಗೇಣು ಆಳದ ಕುಣಿ ತೋಡಿ, ಬದಿಯ ಮಣ್ಣು ಕೆರೆದು, ಎಲ್ಲ ಬೆರೆಸಿ ಅರ್ಧ ಕಿಲೋ ಮಣ್ಣನ್ನು ಪರೀಕ್ಷೆಗೆ ಕೊಡಿ. ವರದಿಯಲ್ಲಿ ಪಿ.ಎಚ್. 8.5 ಮೀರಿದ್ದರೆ ಅದು ಕ್ಷಾರದ ಗುರುತು. ಲವಣಾಂಶ ಎಷ್ಟೆಂದು ಪ್ರಯೋಗಾಲಯದವರನ್ನೇ ಬಾಯಿಬಿಟ್ಟು ಕೇಳಿ. ಬೋರಿನ ನೀರನ್ನೂ ಒಂದು ಬಾಟಲಿ ಕೊಡಿ. ನೀರು ಸವುಳಾಗಿದ್ದರೆ ಒಳ್ಳೆಯ ಮಣ್ಣೂ ಕೆಲವೇ ವರ್ಷಗಳಲ್ಲಿ ಕೆಡುತ್ತದೆ: ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ನಮ್ಮ ನದಿ ದಂಡೆಯ ಕಬ್ಬಿನ ಗದ್ದೆಗಳು ಬೆಳ್ಳಗಾದದ್ದೂ ಹೀಗೆಯೇ.

ಇನ್ನು ಕಾಗದ. ನಾವು ಉತಾರ ಎನ್ನುವುದನ್ನು ಅಲ್ಲಿ ಸಾತ್-ಬಾರಾ ಎನ್ನುತ್ತಾರೆ. ಮುಖ್ಯ ಮಾತೆಂದರೆ, ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ರೈತನಲ್ಲದವನೂ ಕೃಷಿ ಜಮೀನು ಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ಹಾಗಿಲ್ಲ, ಅಲ್ಲಿ ರೈತನಲ್ಲದವನು ಕೊಳ್ಳಬೇಕಾದರೆ ಕಲೆಕ್ಟರರ ಅಪ್ಪಣೆ ಬೇಕು. ಇದ್ದ ಹೊಲವೆಲ್ಲ ಮುಳುಗಡೆಗೆ ಹೋಗಿ ಉತಾರದಿಂದ ಹೆಸರು ಇಳಿದ ಮೇಲೆ, ನಾನು ರೈತ ಎಂದು ತೋರಿಸುವುದು ಯಾವ ಕಾಗದದಿಂದ? ಈ ಪ್ರಶ್ನೆಯನ್ನು ಅಲ್ಲಿಯ ತಹಶೀಲ್ದಾರ ಕಚೇರಿಯಲ್ಲಿ ಬರೆದು ಕೊಟ್ಟು, ಉತ್ತರವನ್ನೂ ಬರಹದಲ್ಲೇ ಪಡೆಯುವುದು ಒಳ್ಳೆಯದು. ಸಂಚಕಾರ ಕೊಡುವುದು ಆಮೇಲೆ.

ಮಕ್ಕಳ ಶಾಲೆ

ತಮ್ಮನ ಮಗಳು ಒಂಬತ್ತನೆಯ ತರಗತಿ. ಜತ್ತ, ಅಕ್ಕಲಕೋಟೆ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ ಎಂಬುದು ಸಮಾಧಾನದ ಸಂಗತಿ. ಆದರೆ 2020ರ ಕಾಯ್ದೆಯಂತೆ ಆ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಹಿಂದಿ ಕಲಿತ ಮಗುವಿಗೆ ಲಿಪಿ ತೊಡಕಾಗದು, ಪಾಠ ತೊಡಕಾದೀತು. ಮುಂದೆ ನಮ್ಮ ರಾಜ್ಯದ ಸಿ.ಇ.ಟಿ. ಮೂಲಕ ಸೀಟು ಬೇಕಾದರೆ ಇಲ್ಲಿ ಏಳು ವರ್ಷ ಓದಿರಬೇಕೆಂಬ ನಿಯಮವಿದೆ. ಗಡಿನಾಡ ಕನ್ನಡಿಗರಿಗೆ ಬೇರೆ ಅವಕಾಶವಿದೆ, ಅದಕ್ಕೆ ಅಲ್ಲಿ ವಾಸಿಸಿದ ವರ್ಷಗಳ ದಾಖಲೆ ಬೇಕು. ಜಾತಿ ಮೀಸಲಾತಿಯ ಸೌಲಭ್ಯವೂ ವಲಸೆ ಹೋದವರ ಬೆನ್ನಿಗೆ ಗಡಿ ದಾಟಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಇವನ್ನೆಲ್ಲ ಮೊದಲೇ ಕೂಡಿಸಿ ಕಳೆದು ನೋಡದಿದ್ದರೆ, ಹೊಲದಲ್ಲಿ ಗಳಿಸಿದ್ದನ್ನು ಮಕ್ಕಳು ಬೇರೆ ಕಡೆ ಕಳೆದುಕೊಂಡಾರು.

ಊರಿಗೆ ಬಂದು ಅವ್ವನ ಮುಂದೆ ಎಲ್ಲ ಹೇಳಿದೆವು. ತಮ್ಮ ಇನ್ನೂ ಆಸೆ ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳುವುದಿಲ್ಲ. ಆ ಯಜಮಾನರೊಂದಿಗೇ ಮಾತಾಡಿ ಎರಡು ಎಕರೆಯನ್ನು ಒಂದು ವರ್ಷ ಲಾವಣಿಗೆ ಹಿಡಿಯುವುದೆಂದು ತೀರ್ಮಾನವಾಗಿದೆ. ಒಂದು ಮಳೆಗಾಲ, ಒಂದು ಹಿಂಗಾರು, ಒಂದು ಬೇಸಿಗೆ ಕಂಡ ಮೇಲೆ ಕೊಳ್ಳುವ ಮಾತು. ಮಗಳು ನನ್ನ ಮನೆಯಲ್ಲಿದ್ದು ಇಲ್ಲೇ ಎಸ್ಸೆಸ್ಸೆಲ್ಸಿ ಮುಗಿಸುತ್ತಾಳೆ.

ಅವ್ವ ಕೇಳಿ ಸುಮ್ಮನಿದ್ದಳು. ರಾತ್ರಿ ಊಟಕ್ಕೆ ಬಡಿಸುತ್ತ ತಮ್ಮನಿಗೆ ಅಂದಳು: "ಬರೂ ಬ್ಯಾಸಗಿಗೆ ನನ್ನೂ ಕರಕೊಂಡು ಹೋಗು. ಆ ಓಣಿ ಹೆಣಮಕ್ಕಳು ಕೊಡ ಹೊತ್ತು ಎಷ್ಟು ದೂರ ಹೋಗತಾರ ಅಂತ ನಾನ ನೋಡತೀನಿ."

ನಮ್ಮ ಬ್ಯಾರಲ್ ಪರೀಕ್ಷೆಯಲ್ಲಿ ಈ ಪ್ರಶ್ನೆ ಇರಲೇ ಇಲ್ಲ. ಈಗ ಪಟ್ಟಿಗೆ ಸೇರಿಸಿದ್ದೇನೆ.