ಕಚೇರಿಯ ಜನನಸೂತಕ

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಹೆತ್ತ ದಿನವೂ ತಾಯಿಯು ಇಷ್ಟಲಿಂಗವನ್ನು ಅಗಲಬೇಕಾಗಿಲ್ಲ. ಕೂಸು ಗಂಡಾಗಲಿ ಹೆಣ್ಣಾಗಲಿ, ಲಿಂಗಧಾರಣೆ ಒಂದೇ. ಮನೆಯಿಂದ ನಾವು ಹೊರಗಟ್ಟಿದ ಈ ಜನನಸೂತಕವು ಇಂದು ಕಚೇರಿಗಳಲ್ಲಿ ಆಚರಣೆಯಲ್ಲಿದೆ.

ಅಮೃತಹಳ್ಳಿಯ ಮನೆಗಳಿಂದ ನಿತ್ಯವೂ ಹೆಬ್ಬಾಳ, ನಾಗವಾರಗಳ ಕಡೆಗೆ ನೌಕರಿಗೆ ಹೊರಡುವ ಹೆಣ್ಣುಮಕ್ಕಳನ್ನು ವಿಚಾರಿಸಿ ನೋಡಿ. ಸಂದರ್ಶನದಲ್ಲಿ ಮದುವೆ ಯಾವಾಗ, ಮಗು ಯಾವಾಗ ಎಂಬ ಪ್ರಶ್ನೆ; ಬಾಣಂತನ ಮುಗಿಸಿ ಬಂದರೆ ಕೈತಪ್ಪಿದ ಬಡ್ತಿ. ಸೊಸೆಯ ಸಂಬಳ ಕೇಳಿ ಸಂಬಂಧ ಬೆಳೆಸಿದ ಮನೆಯವರೇ ತೊಟ್ಟಿಲು ಕಟ್ಟಿದೊಡನೆ ‘ಇನ್ನು ನೌಕರಿ ಏತಕ್ಕಮ್ಮಾ’ ಎನ್ನುವುದೂ ಉಂಟು, ಮುಚ್ಚಿಡುವುದೇಕೆ?

ಇದು ಹೊಸ ರೋಗವಲ್ಲ. ಕೊಡಗಿನ ವಿರಾಜಪೇಟೆಯಲ್ಲಿ ಜನಿಸಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮಹಿಳಾ ಅಧಿಕಾರಿಯು ವಿವಾಹವಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯತಕ್ಕದ್ದು, ಸಂಸಾರವು ಕರ್ತವ್ಯಕ್ಕೆ ಅಡ್ಡಿಯೆಂದು ಕಂಡುಬಂದರೆ ರಾಜೀನಾಮೆ ಕೊಡತಕ್ಕದ್ದು ಎಂಬ ನಿಯಮ ಅಲ್ಲಿತ್ತು. ಬಡ್ತಿ ದೊರೆಯದಾಗ ಅವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ನೀಡಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲವೇ ಎಂಬ ಭಾವದ ಮಾತನ್ನು ಆಡಿದರು.

ಆ ಮಾತು ನಮ್ಮ ರಜೆಯ ಕಾನೂನಿಗೆ ಇನ್ನೂ ಪೂರ್ತಿ ಮುಟ್ಟಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 12 ವಾರಗಳ ರಜೆ 26 ವಾರಗಳಾಯಿತು. ಸಂತೋಷವೇ. ಆದರೆ ಇ.ಎಸ್.ಐ. ವ್ಯಾಪ್ತಿಗೆ ಬಾರದ ನೌಕರಳ ರಜೆಯ ಸಂಬಳವನ್ನು ಮಾಲೀಕನೇ ತೆರಬೇಕು. ರಜೆಯೂ ವೆಚ್ಚವೂ ಹೆಣ್ಣಿನ ಹೆಸರಿಗೇ ಬರೆದ ಮೇಲೆ, ಲೆಕ್ಕ ಹಾಕುವ ಮಾಲೀಕನು ಗಂಡಿಗೇ ಮಣೆ ಹಾಕುತ್ತಾನೆ. ಸ್ವೀಡನ್ ದೇಶವು 1974ರಲ್ಲಿಯೇ ತಾಯಿಯ ರಜೆಯನ್ನು ತಂದೆತಾಯಿ ಹಂಚಿಕೊಳ್ಳಬಹುದಾದ ರಜೆಯಾಗಿ ಮಾರ್ಪಡಿಸಿತು. ಅಲ್ಲಿ ಆ ಭತ್ಯೆಯನ್ನು ಕೊಡುವುದು ಸಾಮಾಜಿಕ ವಿಮೆ, ಮಾಲೀಕನಲ್ಲ.

ನಮ್ಮಲ್ಲಿ ಕೇಂದ್ರ ಸರ್ಕಾರದ ನೌಕರನಾದ ತಂದೆಗೆ 15 ದಿನ. ಖಾಸಗಿ ನೌಕರಿಯ ತಂದೆಗೆ ಒಂದು ದಿನವನ್ನೂ ಕಾನೂನು ಕಡ್ಡಾಯಗೊಳಿಸಿಲ್ಲ. ಸೊಸೆ ಬಾಣಂತನಕ್ಕೆಂದು ತುಮಕೂರಿಗೋ ದಾವಣಗೆರೆಗೋ ತವರಿಗೆ ಹೋದರೆ, ಮಗನು ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ, ಕೂಸಿನ ಮುಖ ನೋಡಿಕೊಂಡು, ಸೋಮವಾರ ಬೆಳಗ್ಗೆ ಹಾಜರಿ ಹಾಕಲು ಹಿಂದಿರುಗುತ್ತಾನೆ.