ಗಣಕಯಂತ್ರದಲ್ಲಿ ಅಧಿಕಾರಾಪಹರಣ

ಕಾಸರಗೋಡಿನ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಗಣಕಯಂತ್ರವನ್ನು ಕಲಿಯುವುದು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ. ಉಬುಂಟುವನ್ನು ಆಧರಿಸಿ ಕೇರಳವು ತನ್ನ ಶಾಲೆಗಳಿಗಾಗಿ ಸಿದ್ಧಪಡಿಸಿದ ರೂಪವದು. ಇಂಥ ಒಂದು ಯಂತ್ರವನ್ನು ಹಲವರು ತಮ್ಮ ತಮ್ಮ ಖಾತೆಗಳಿಂದ ಬಳಸುವಾಗ, ಒಬ್ಬನ ಬರಹವನ್ನು ಇನ್ನೊಬ್ಬನು ಅಳಿಸದಂತೆ ಕಾಯುವವರಾರು? ಆ ವ್ಯವಸ್ಥೆಯೇ. ಪ್ರತಿಯೊಬ್ಬನಿಗೂ ಅದು ಒಂದು ಎಲ್ಲೆಯನ್ನು ಗೊತ್ತುಮಾಡಿದೆ. ಎಲ್ಲೆಯಿಲ್ಲದವನು 'ರೂಟ್' ಎಂಬ ಒಡೆಯನೊಬ್ಬನೇ.

ಆದರೆ ಸಾಮಾನ್ಯನಿಗೂ ಒಮ್ಮೊಮ್ಮೆ ಒಡೆಯನ ಅಧಿಕಾರ ಬೇಕಾಗುತ್ತದೆ. ತನ್ನ ಗುಪ್ತಪದವನ್ನು ಬದಲಿಸಬೇಕಾದರೆ, ಎಲ್ಲರ ಗುಪ್ತಪದಗಳ ಗುರುತುಗಳಿರುವ ಕಡತವನ್ನೇ ತಿದ್ದಬೇಕಷ್ಟೆ! ಅಮೆರಿಕದ ಡೆನ್ನಿಸ್ ರಿಚಿ ಅವರು ಇದಕ್ಕೊಂದು ಉಪಾಯವನ್ನು ಕಂಡುಹಿಡಿದು 1973ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಗೊತ್ತಾದ ಕೆಲವು ಕ್ರಮವಿಧಿಗಳನ್ನು ಯಾರೇ ನಡೆಯಿಸಲಿ, ಅವು ಒಡೆಯನ ಅಧಿಕಾರದಿಂದಲೇ ನಡೆಯುವುವು. ಮಧುಗಿರಿಯ ತಾಲ್ಲೂಕು ಖಜಾನೆಯೊಳಕ್ಕೆ ನಮಗೆ ಪ್ರವೇಶವಿಲ್ಲ. ನಮ್ಮ ಚೀಟಿಯನ್ನು ಹಿಡಿದು ಒಳಹೋಗುವ ಗುಮಾಸ್ತನಿಗುಂಟು. ಅವನು ಚೀಟಿಯನ್ನು ತಪ್ಪಾಗಿ ಓದಿದರೆ?

ಪಿಕೆಎಕ್ಸೆಕ್ ಎಂಬ ಕ್ರಮವಿಧಿ ಅಂಥ ಗುಮಾಸ್ತ. ಕ್ರಮವಿಧಿಗೆ ಕೊಡುವ ಪದಗಳ ಪಟ್ಟಿಯಲ್ಲಿ 0ನೆಯ ಸ್ಥಾನದಲ್ಲಿ ಅದರ ಹೆಸರೂ 1ನೆಯ ಸ್ಥಾನದಿಂದ ನಮ್ಮ ಕೋರಿಕೆಯೂ ಇರುವುದು ವಾಡಿಕೆ. ವಾಡಿಕೆಯೇ ಹೊರತು ಲಿನಕ್ಸಿನಲ್ಲಿ ಆಗ ಅದು ನಿಯಮವಾಗಿರಲಿಲ್ಲ. ಪಟ್ಟಿಯನ್ನು ಪೂರ್ತಿ ಬರಿದಾಗಿ ಕೊಟ್ಟರೂ ಪಿಕೆಎಕ್ಸೆಕ್ 1ನೆಯ ಸ್ಥಾನವನ್ನೇ ಓದುತ್ತಿತ್ತು. ಅಲ್ಲಿ ಇರುತ್ತಿದ್ದುದಾದರೋ ಬೇರೊಂದು ಪಟ್ಟಿಯ ಮೊದಲ ಸಾಲು! ಯಾವ ವಸ್ತುವನ್ನು ಎಲ್ಲಿ ಹುಡುಕಬೇಕೆಂಬುದೇ ಮೊದಲಾದ ಪರಿಸರದ ವಿವರಗಳ ಪಟ್ಟಿಯದು. ಆ ಸಾಲನ್ನೇ ಕೋರಿಕೆಯೆಂದು ಭಾವಿಸಿ, ಆ ಹೆಸರಿನ ಕಡತವನ್ನು ಹುಡುಕಿ, ಸಿಕ್ಕ ಪೂರ್ಣ ವಿಳಾಸವನ್ನು ಅದೇ ಜಾಗದಲ್ಲಿ ಬರೆಯುತ್ತಿತ್ತು. ಅಪಾಯಕರವಾದ ಸಾಲುಗಳನ್ನು ವ್ಯವಸ್ಥೆಯು ಬಾಗಿಲಲ್ಲೇ ಕಿತ್ತುಹಾಕುವುದೇನೋ ನಿಜ. ಇದಾದರೋ ತಪಾಸಣೆ ಮುಗಿದ ಮೇಲೆ ಒಳಗೇ ಬರೆದ ಸಾಲು. ಅದರ ನಿರ್ದೇಶದಂತೆ ಕಿಡಿಗೇಡಿಯ ಕ್ರಮವಿಧಿಯೂ ಒಡೆಯನ ಅಧಿಕಾರದಿಂದ ನಡೆದುಬಿಡುತ್ತಿತ್ತು.

ಕ್ವಾಲಿಸ್ ಸಂಸ್ಥೆಯ ಸಂಶೋಧಕರು 2022ರ ಜನವರಿ 25ರಂದು ಇದನ್ನು ಪ್ರಕಟಿಸಿದರು. ಉಬುಂಟುವಿನ ಸಾಧಾರಣ ಅಳವಡಿಕೆಯಲ್ಲಿಯೇ ಪ್ರಯೋಗ ಫಲಿಸಿತ್ತು. ದೋಷವಾದರೋ 2009ರ ಮೇ ತಿಂಗಳಿನಿಂದಲೂ ಇದ್ದುದು. ಮೂಲ ಬರಹವು ಯಾರು ಬೇಕಾದರೂ ಓದಬಹುದಾದಂತೆ ತೆರೆದೇ ಇತ್ತೆಂಬುದು ನಮಗೆ ಸೋಜಿಗವೆನಿಸುತ್ತದೆ. 2013ರಲ್ಲಿ ರಯಾನ್ ಮ್ಯಾಲನ್ ಎಂಬವರು ಇದರ ತೀರ ಸಮೀಪಕ್ಕೆ ಬಂದು, ಬರಿದಾದ ಪಟ್ಟಿಯ ವಿಚಾರವನ್ನು ಬರೆದೂ ಇದ್ದರು. ಅಧಿಕಾರವನ್ನು ಕದಿಯುವ ದಾರಿಯೆಂದು ಮಾತ್ರ ಅದು ಅಂದು ಬೆಳಕಿಗೆ ಬರಲಿಲ್ಲ.

ಯಂತ್ರದಲ್ಲಿ ಆಗಲೇ ಖಾತೆಯುಳ್ಳವನಿಗಷ್ಟೇ ಈ ದಾರಿ ತೆರೆದಿತ್ತು. ತಿದ್ದುಪಡಿಯನ್ನು ಹಾಕುವವರೆಗೆ ಪಿಕೆಎಕ್ಸೆಕ್‌ನಿಂದ ಒಡೆತನದ ಗುರುತನ್ನು ತೆಗೆದುಹಾಕಿರೆಂದು ಸಂಶೋಧಕರು ಸೂಚಿಸಿದರು. ಅದೇ ವರ್ಷ ಹೊರಬಂದ ಲಿನಕ್ಸ್ ತಿರುಳಿನ 5.18ನೆಯ ಆವೃತ್ತಿಯಿಂದ, ಪಟ್ಟಿ ಬರಿದಾಗಿ ಬಂದರೆ ವ್ಯವಸ್ಥೆಯು ತಾನೇ 0ನೆಯ ಸ್ಥಾನದಲ್ಲಿ ಒಂದು ಖಾಲಿ ಪದವನ್ನು ಇರಿಸುತ್ತದೆ.