ಕ್ಯಾನ್ಸರ್ ಸಂಶೋಧನೆಗೆ ಬೇಕಾದ ಜನ

ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ನಿಲುವಂಗಿಯನ್ನು ಧರಿಸಿ ಶಸ್ತ್ರವೈದ್ಯದ ತರಗತಿಗೆ ಬಂದ ಒಬ್ಬ ವಿದ್ಯಾರ್ಥಿಯ ಮೇಲೆ ಮದರಾಸು ಮೆಡಿಕಲ್ ಕಾಲೇಜಿನ ಆಂಗ್ಲ ಪ್ರಾಧ್ಯಾಪಕರು ಮುನಿದರು. ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದರೂ ಆತನಿಗೆ ಎಂ.ಬಿ.ಬಿ.ಎಸ್. ಪದವಿಯು ದೊರೆಯದೆ, ಅದಕ್ಕಿಂತ ಕೆಳಗಿನದಾದ ಎಲ್.ಎಂ.ಎಸ್. ಮಾತ್ರ ದೊರೆಯಿತು. 1895ರಲ್ಲಿ ಭೀಮವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರೇ ಆ ವಿದ್ಯಾರ್ಥಿ. ಸರ್ಕಾರದ ವೈದ್ಯ ಇಲಾಖೆಯಲ್ಲಿ ಪ್ರವೇಶ ಸಿಕ್ಕದೆ, ಕೆಲಕಾಲ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿ, ಅವರು ಅಮೆರಿಕೆಗೆ ಹೊರಟುಹೋದರು. ಬೋಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ರಾತ್ರಿಯ ಹೊತ್ತು ಆಳಿನ ಕೆಲಸ ಮಾಡಿ ಹೊಟ್ಟೆ ಹೊರೆದುಕೊಂಡು, 1930ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪಿಎಚ್.ಡಿ. ಪಡೆದರು. ವೈದ್ಯರಾಗಿದ್ದವರು ರಸಾಯನಜ್ಞರೂ ಆದರು.

ಇದರ ಫಲವೇನಾಯಿತೆಂಬುದನ್ನು ಕೇಳಬೇಕು. ಫೋಲಿಕ್ ಆಮ್ಲವಿಲ್ಲದೆ ಜೀವಕಣಗಳು ವೃದ್ಧಿಯಾಗಲಾರವು. ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ಈ ವರ್ಗದ ವಸ್ತುಗಳನ್ನು ಕೊಟ್ಟಾಗ ರೋಗವು ಇಳಿಯದೆ ಏರಿತೆಂಬುದನ್ನು ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಕಂಡರು. ಕೊಟ್ಟರೆ ಏರುವುದಾದರೆ, ತಡೆದರೆ ಇಳಿಯಬಹುದಲ್ಲವೆ? ತಡೆಯುವ ವಸ್ತುವು ಲೆಡರ್ಲೆ ಕಂಪೆನಿಯ ಪ್ರಯೋಗಶಾಲೆಯಿಂದ ಬಂದಿತು. 1940ರಲ್ಲಿ ಅಲ್ಲಿಗೆ ಸೇರಿದ್ದ ಸುಬ್ಬರಾಯರ ತಂಡವು ಅದನ್ನು ಸಿದ್ಧಪಡಿಸಿತ್ತು. ಬೀಗದೊಳಕ್ಕೆ ಹೋಗಿಯೂ ತಿರುಗದೆ ನಿಂತು, ನಿಜವಾದ ಬೀಗದಕೈಗೂ ಎಡೆಗೊಡದಿರುವಂತಹ ವಸ್ತುವದು. 1948ರ ಜೂನ್ ತಿಂಗಳಲ್ಲಿ ಫಾರ್ಬರರು ಪ್ರಕಟಿಸಿದ ಲೇಖನದಂತೆ, 16 ಮಕ್ಕಳಲ್ಲಿ 10 ಮಂದಿಗೆ ರೋಗವು ಇಳಿಮುಖವಾಯಿತು. ಕೆಲವು ತಿಂಗಳಲ್ಲಿ ಅದು ಮರಳಿ ಬಂದುದೂ ನಿಜ. ಆದರೆ ಔಷಧದಿಂದ ಈ ರೋಗವನ್ನು ಹಿಮ್ಮೆಟ್ಟಿಸಬಹುದೆಂಬುದು ಅಂದು ಸಿದ್ಧವಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸುಬ್ಬರಾಯರು ತೀರಿಕೊಂಡರು. ತಾಯ್ನಾಡಿಗೆ ಮರಳಲೇ ಇಲ್ಲ. ಆ ಕುಲದ ಔಷಧವಾದ ಮೆಥೊಟ್ರೆಕ್ಸೇಟನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಇಂದಿಗೂ ಕೊಡುತ್ತಿರುವರು.

ಪ್ರಯೋಗಶಾಲೆಯ ಶೋಧವನ್ನು ರೋಗಿಯ ಹಾಸಿಗೆಯ ಬಳಿಗೆ ಒಯ್ಯುವುದು, ಅಲ್ಲಿ ಕಂಡುದನ್ನು ಮರಳಿ ಪ್ರಯೋಗಶಾಲೆಗೆ ತರುವುದು, ಇವೆರಡೂ ಸೇರಿದ ಕೆಲಸವನ್ನು ಈಗ ಟ್ರಾನ್ಸ್‌ಲೇಷನಲ್ ಸಂಶೋಧನೆಯೆಂದು ಕರೆಯುವರು. ಹೆಸರು ಈಚಿನದು, ಕೆಲಸವು ಫಾರ್ಬರ್ ಮತ್ತು ಸುಬ್ಬರಾಯರು ಮಾಡಿದುದೇ. ಅವರು ಸೇರಿದುದು ದೈವಯೋಗದಿಂದ. ಪ್ರತಿಯೊಂದು ತಲೆಮಾರಿನಲ್ಲಿಯೂ ದೈವಯೋಗವನ್ನೇ ನಂಬಿ ಕುಳಿತಿರಲಾದೀತೇ ಎಂಬುದು ನಮ್ಮ ಪ್ರಶ್ನೆ.

ಶಿಕ್ಷಣವೆಂದರೆ ಇಲ್ಲಿ ಗ್ರಂಥಪಾಠವಲ್ಲ. ಶಸ್ತ್ರವೈದ್ಯನು ಗಡ್ಡೆಯನ್ನು ಕತ್ತರಿಸಿ ತೆಗೆದನೆನ್ನಿ. ಅದರ ಚೂರನ್ನು ಬೇಗನೆ ಶೈತ್ಯದಲ್ಲಿ ಇಡದಿದ್ದರೆ ಒಳಗಿನ ಆರ್‌.ಎನ್‌.ಎ. ಕೆಟ್ಟುಹೋಗುವುದು, ಫಾರ್ಮಲಿನ್ನಿನಲ್ಲಿ ಮುಳುಗಿಸಿಟ್ಟರೆ ಕೆಲವು ಪರೀಕ್ಷೆಗಳಿಗೆ ಅದು ಒದಗದು. ಇದನ್ನರಿಯದ ವೈದ್ಯನು ತಿಳಿಯದೆಯೇ ಸಂಶೋಧನೆಯನ್ನು ಕೆಡಿಸುವನು. ಇತ್ತ ವಿಜ್ಞಾನಿಯು ಆ ಚೂರನ್ನು ಬರಿಯ ಸಾಮಗ್ರಿಯೆಂದೇ ಎಣಿಸುವನು. ಅದು ಯಾರ ದೇಹದ್ದು, ಆಕೆ ತಿಳಿದು ಒಪ್ಪಿಗೆಯಿತ್ತಳೇ, ಮೊದಲು ಯಾವ ಔಷಧ ತೆಗೆದುಕೊಂಡಿದ್ದಳು ಎಂಬುದನ್ನು ವಿಚಾರಿಸದಿದ್ದರೆ ಅವನ ಲೆಕ್ಕವೆಲ್ಲ ಹುಸಿಯಾದೀತು. ಇಲಿಯಲ್ಲಿ ಗೆದ್ದ ಔಷಧವು ಮನುಷ್ಯನಲ್ಲಿ ಸೋಲುವುದು ನಿತ್ಯದ ಸಂಗತಿ. ವಾರ್ಡಿನಲ್ಲಿ ಒಂದು ವರ್ಷ ನಿಂತು ನೋಡಿದ ವಿಜ್ಞಾನಿಗೆ ಈ ಸೋಲು ಮೊದಲೇ ಹೊಳೆಯಬಹುದು.

ನಮ್ಮ ದೇಶದಲ್ಲಿಯೇ ಇದಕ್ಕೆ ನಿದರ್ಶನವುಂಟು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1941ರಲ್ಲಿ ಆರಂಭವಾದುದು. ಅದರ ವೈದ್ಯರೂ ಅದೇ ಊರಿನ ಐ.ಐ.ಟಿ.ಯ ವಿಜ್ಞಾನಿಗಳೂ ಕೂಡಿ ಸಿದ್ಧಪಡಿಸಿದ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಸರ್ಕಾರದ ಅನುಮತಿಯು ದೊರೆಯಿತು. ರೋಗಿಯ ರಕ್ತದಿಂದ ಒಂದು ಜಾತಿಯ ಬಿಳಿಯ ಕಣಗಳನ್ನು ತೆಗೆದು, ಕ್ಯಾನ್ಸರ್ ಕಣವನ್ನು ಗುರುತಿಸುವ ಶಕ್ತಿಯನ್ನು ಅವುಗಳಲ್ಲಿ ಸೇರಿಸಿ, ಪ್ರಯೋಗಶಾಲೆಯಲ್ಲಿ ಬೆಳೆಯಿಸಿ, ಮರಳಿ ಅದೇ ರೋಗಿಗೆ ಕೊಡುವರು. ಕಣಗಳನ್ನು ಬೆಳೆಯಿಸುವುದು ವಿಜ್ಞಾನಿಯ ಕೈಚಳಕ. ಕೊಟ್ಟ ಬಳಿಕ ಏರುವ ಜ್ವರವನ್ನೂ ಇಳಿಯುವ ರಕ್ತದೊತ್ತಡವನ್ನೂ ಸಂಭಾಳಿಸುವುದು ವೈದ್ಯನ ಹೊಣೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿಯದಿದ್ದರೆ ರೋಗಿಯು ನಡುವೆ ಬೀಳುವನು. ಪಾಶ್ಚಾತ್ಯ ದೇಶಗಳಲ್ಲಿ ಕೋಟಿಗಟ್ಟಲೆ ಬೆಲೆಯುಳ್ಳ ಈ ಚಿಕಿತ್ಸೆಯು ಇಲ್ಲಿ ಹಲವು ಲಕ್ಷಗಳಿಗೆ ಇಳಿದುದೇನೋ ಸಂತೋಷವೇ. ಬಡವನಿಗೆ ಆ ಲಕ್ಷಗಳೂ ಎಟುಕವೆಂಬುದನ್ನು ಮಾತ್ರ ಸಮಾರಂಭಗಳ ಭಾಷಣಕಾರರು ಹೇಳುವುದಿಲ್ಲ.

ಹಾಗಾದರೆ ಇಂತಹ ಜನರು ವಿರಳವೇಕೆ? ಲೆಕ್ಕ ಹಾಕಿ ನೋಡಿರಿ. ಎಂ.ಬಿ.ಬಿ.ಎಸ್. ಶಿಕ್ಷಣಕ್ಕೆ ಆಸ್ಪತ್ರೆಯ ಒಂದು ವರ್ಷ ಸೇರಿ ಐದೂವರೆ ವರ್ಷ, ಎಂ.ಡಿ.ಗೆ ಮೂರು, ಕ್ಯಾನ್ಸರ್ ವೈದ್ಯದ ಡಿ.ಎಂ.ಗೆ ಇನ್ನೂ ಮೂರು. ಅಷ್ಟರಲ್ಲಿ ವಯಸ್ಸು ಮೂವತ್ತಾಗುವುದು, ಮನೆಯಲ್ಲಿ ಸಂಸಾರವಿರುವುದು, ಸಹಪಾಠಿಯು ಸ್ವಂತ ಕ್ಲಿನಿಕ್ಕಿಗೆ ಬೋರ್ಡು ಹಾಕಿರುವನು. ಇನ್ನು ನಾಲ್ಕೈದು ವರ್ಷ ವಿದ್ಯಾರ್ಥಿವೇತನದಲ್ಲಿ ಪ್ರಯೋಗಶಾಲೆಯಲ್ಲಿ ಕೂರೆಂದರೆ ಯಾವ ಧೈರ್ಯದಿಂದ ಕೂರುವನು? ಕೂತು ಹೊರಬಂದವನಿಗಾದರೂ, ದಿನಕ್ಕೆ ನೂರು ರೋಗಿಗಳನ್ನು ನೋಡುವ ಹುದ್ದೆಯಲ್ಲದೆ, ಸಂಶೋಧನೆಗೆ ಬಿಡುವಿರುವ ಹುದ್ದೆಯು ಎಲ್ಲಿದೆ? ಅಮೆರಿಕದವರು 1964ರಲ್ಲಿಯೇ ವೈದ್ಯ ಪದವಿ, ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಕಲಿಯುವವರ ವೆಚ್ಚವನ್ನು ಸರ್ಕಾರದಿಂದ ಭರಿಸಲಾರಂಭಿಸಿದರು. ನಮ್ಮಲ್ಲಿಯೂ ಇಂಡಿಯಾ ಅಲೈಯನ್ಸ್ ಸಂಸ್ಥೆಯು ವೈದ್ಯಸಂಶೋಧಕರಿಗೆ ವೇತನಗಳನ್ನು ಕೊಡುತ್ತಿರುವುದು. ದೇಶದ ಗಾತ್ರಕ್ಕೆ ಅದು ಅಲ್ಪವೇ.

ಜಮ್‌ಶೇಟ್‌ಜಿ ಟಾಟಾರವರ ದಾನದಿಂದ 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು, ವೈದ್ಯವಿದ್ಯಾಲಯವನ್ನೂ 800 ಹಾಸಿಗೆಗಳ ಆಸ್ಪತ್ರೆಯನ್ನೂ ಕಟ್ಟುವ ಯೋಜನೆಯನ್ನು ಕೈಗೊಂಡಿರುವುದನ್ನು ವಾಚಕರು ಬಲ್ಲರು. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಇದಕ್ಕಾಗಿ 425 ಕೋಟಿ ರೂಪಾಯಿಗಳನ್ನು ವಾಗ್ದಾನ ಮಾಡಿದರು. ವೈದ್ಯರಿಗೆ ಎಂ.ಡಿ.ಯೊಡನೆ ಪಿಎಚ್.ಡಿ.ಯನ್ನೂ ಕೊಡುವುದು ಅಲ್ಲಿಯ ಮುಖ್ಯೋದ್ದೇಶ. ಅದೇ ಊರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಇರುವುದು. ನಾಡಿನ ಬಡರೋಗಿಗಳು ಬಂದು ಸೇರುವುದು ಅಲ್ಲಿಗೆ. ಈ ಎರಡರ ತರುಣರು ವಾರಕ್ಕೆ ಎರಡು ದಿನ ಸ್ಥಳ ಬದಲಾಯಿಸಿಕೊಂಡು ಕೆಲಸ ಮಾಡಲು ದೊಡ್ಡ ಕಟ್ಟಡವೇನೂ ಬೇಕಾಗಿಲ್ಲ. ಆ ಎರಡು ದಿನಗಳನ್ನು ಹಾಜರಿ ಪುಸ್ತಕದಲ್ಲಿ ಕರ್ತವ್ಯದ ದಿನಗಳೆಂದೇ ಬರೆದುಕೊಳ್ಳುವಂತೆ ಅಧಿಕಾರಿಗಳು ಒಂದು ಆಜ್ಞೆಯನ್ನು ಹೊರಡಿಸಿದರೆ ಸಾಕು.